ಮೇಲೇಳುವ ಕಲ್ಲು

ಮುಂಜಾನೆಯಿಂದ ಮಡಿವಾಳೆಪ್ಪನ ಬಾಯಲ್ಲಿ ಸುಣ್ಣದ ರುಚಿ. ನಿನ್ನೆ ಸಂಜೆ ಕೈ ತೊಳೆದದ್ದು ಸಾಲಲಿಲ್ಲವೋ ಏನೋ ಎಂದು, ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ನಿಂತು ಬೆರಳುಗಳನ್ನು ಮೂಗಿಗೆ ಹಿಡಿದು ನೋಡಿದ. ವಾಸನೆ ಇರಲಿಲ್ಲ. ಉಗುರಿನ ಸಂದಿಯಲ್ಲಿ ಕರಿ ಮಣ್ಣಿತ್ತು. ಒಕ್ಕಲಿಗನ ಉಗುರಲ್ಲಿ ಮಣ್ಣಿದ್ದರೆ ಯಾವ ಮಗ ಏನಂದಾನು? ಆದರೂ ಬೇವಿನ ಕಡ್ಡಿ ಮುರಿದು ಒಂದೊಂದೇ ಉಗುರನ್ನು ಕೆದಕತೊಡಗಿದ. ಒಂದು ಕಡೆ ರಕ್ತ ಬಂತು. ಚೀಪಿದ. ಈಗ ಬಾಯಲ್ಲಿ ಸುಣ್ಣ, ಮಣ್ಣು, ರಕ್ತ, ಬೇವು ಎಲ್ಲ ಕೂಡಿಕೊಂಡವು. ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರು ತನ್ನನ್ನೇ ನೋಡುತ್ತಿದ್ದಾರೆಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು. "ಏನ್ಲೇ ಮಡಿವಾಳಿ, ಇಸ್ತ್ರಿ ಅಂಗಿ ಹಾಕ್ಕೊಂಡು ನಿಂತೀ, ಕನ್ಯಾದವ್ರು ಬರಾಕತ್ತಾರೇನು?" ಎಂದು ಒಬ್ಬ ಕೇಳಿದ. "ಇವಂಗ ಯಾರ ಕೊಡ್ತಾರೋ ಕನ್ಯಾ. ಇವರ ಹೊಲದಾನ ಕಲ್ಲಿಗೆ ವರ ಬರಾಕತ್ತಾನ, ಧಾರವಾಡದಿಂದ," ಎಂದ ಇನ್ನೊಬ್ಬ. ನಕ್ಕರು. ನಗಲಿ. ಇನ್ನೊಂದು ವರ್ಷ ನಗಲಿ. ಅಚ್ಚಾಗಿ ಬಂದ ಮೇಲೆ ಇದೇ ಕಟ್ಟೆಯ ಮೇಲೆ ಇದೇ ಬೋಳೀಮಕ್ಕಳಿಗೆ ಓದಿ ಹೇಳಬೇಕು, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು.

ಬರುವವರು ಹಂಚಿನಮನಿ ಎಂಬವರು. ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿ, ಈಗ ಕೆಲವರು ಕೂಡಿ ತರುತ್ತಿರುವ ವಿಶ್ವಕೋಶದಲ್ಲಿ ನೆಲ, ನೀರು, ಕಲ್ಲುಗಳ ಲೇಖನಗಳನ್ನು ನೋಡಿಕೊಳ್ಳುವವರು. ಅದರ ಹಿಂದಿನ ಸಂಪುಟಗಳನ್ನು ಮಡಿವಾಳೆಪ್ಪ ಸಂಶಿಯ ವಾಚನಾಲಯದಲ್ಲಿ, ಸಂತೆಯ ದಿನ, ಎಲ್ಲರೂ ಮೆಣಸಿನಕಾಯಿ ಚೌಕಾಸಿ ಮಾಡುವ ಹೊತ್ತಿನಲ್ಲಿ ಒಬ್ಬನೇ ಕೂತು ಓದಿದ್ದ. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯದ ಅರ್ಧದ ಮೇಲೆ ಸಿಟ್ಟು ಬರುತ್ತಿತ್ತು. ಮುಂದಿನದು 'ಮ' ಸಂಪುಟವೆಂದು ಹಿಂದಿನದರ ರಟ್ಟಿನ ಮೇಲೆ ಅಚ್ಚಾಗಿತ್ತು. ಅಲ್ಲಿ ಏನೇನು ಬರಬಹುದೆಂದು ಅವನು ಬಾಯಲ್ಲೇ ಜೋಡಿಸಿ ನೋಡಿದ್ದ. ಮೇಕೆ ಬರುತ್ತದೆ, ಬರಲೇಬೇಕು. ಮೇಣ ಬರುತ್ತದೆ. ಮೇದರು ಬರುತ್ತಾರೆ. ಆಮೇಲೆ ಮೇಲೇಳುವ ಕಲ್ಲು. ಆಮೇಲೆ ಮೇಳ. ಅದರ ಜಾಗ ಅಲ್ಲಿ ಖಾಲಿ ಇತ್ತು, ಬಾಯಲ್ಲಿ ಹಲ್ಲು ಬಿದ್ದ ಜಾಗದಂತೆ. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ದಪ್ಪಕ್ಷರದ ತಲೆಬರಹ, ಕೆಳಗೆ, ಕುಂದಗೋಳ ತಾಲೂಕಿನ ಇಂಥ ಊರಿನ ಇಂಥ ಹೊಲದಲ್ಲಿ ವರ್ಷವರ್ಷವೂ ಕಲ್ಲುಗಳು ತಾವಾಗಿಯೇ ನೆಲದೊಳಗಿಂದ ಮೇಲೆ ಬರುತ್ತವೆ ಎಂಬ ಮಾತು. ಅವನು ಬರೆದ ಪತ್ರಗಳಿಗೆ ಕಡೆಗೊಮ್ಮೆ ಉತ್ತರ ಬಂದಿತ್ತು: ಸಂಗತಿ ಸ್ವಾರಸ್ಯವಾಗಿದೆ, ಆದರೆ ಇದು ಪ್ರತ್ಯೇಕ ಲೇಖನಕ್ಕೆ ತಕ್ಕುದೋ ಅಥವಾ 'ಮಣ್ಣು' ಎಂಬ ಲೇಖನದಲ್ಲಿ ಒಂದು ಸಾಲು ಸಾಕೋ ನೋಡಬೇಕು, ಗುಡಗೇರಿಗೆ ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆ ಬರುವವನಿದ್ದೇನೆ, ಹಾದಿಯಲ್ಲಿ ಇಳಿದು ನೋಡಿ ಹೋಗುತ್ತೇನೆ. ತೊಟ್ಟಿಲ ಕಾರ್ಯದ ಹಾದಿಯಲ್ಲಿ! ಒಂದು ಸಾಲು! ಆ ಕಾಗದವನ್ನು ಹರಿಯಬೇಕೆನಿಸಿ ಹರಿಯದೆ ಮಡಿಚಿ ಇಟ್ಟುಕೊಂಡಿದ್ದ. ಒಂದು ಸಾಲು ಯಾರಿಗೆ ಕಾಣುತ್ತದೆ? ಸಾಲಿನಿಂದ ಅವನ ಕೆಲಸ ಆಗುವುದಿಲ್ಲ. ಅವನಿಗೆ ತಲೆಬರಹ ಬೇಕು.

ಅಪ್ಪ ಇದ್ದಾಗ ಇದಕ್ಕೆ ತಲೆಬರಹ ಬೇಕಿರಲಿಲ್ಲ. ಯುಗಾದಿಯ ಮುಂದೆ ಕರಿ ಮಣ್ಣಿನ ಎರಿ ಹೊಲ ಬಾಯಿ ಬಿಟ್ಟಾಗ, ಮೊಳಕೈ ಹೋಗುವಂಥ ಬಿರುಕುಗಳ ನಡುವೆ ಹೊಸ ಕಲ್ಲುಗಳ ನೆತ್ತಿ ಕಾಣಿಸುತ್ತಿದ್ದವು. ಹೋದ ವರ್ಷ ಕಲ್ಲು ಆರಿಸಿ ಬದುವಿಗೆ ಹಾಕಿ ಹಸನು ಮಾಡಿದ ಜಾಗದಲ್ಲೇ ಮತ್ತೆ. "ಭೂಮ್ತಾಯಿ ಹಡ್ಯಾಕತ್ತಾಳ, ಬಾ, ಕೂಸಿನ ತಲಿ ನೋಡು," ಎಂದು ಅಪ್ಪ ಅವನ ಕೈ ಹಿಡಿದು ಮುಟ್ಟಿಸುತ್ತಿದ್ದ. ಬಿಸಿಲಿಗೆ ಕಾದ ಕಲ್ಲು, ನಿಜವಾಗಿಯೂ ತಲೆಯ ಹಾಗೆ ಬೆಚ್ಚಗೆ. ಅದನ್ನು ಶಾಲೆಯಲ್ಲಿ ಹೇಳಿದ್ದ. ಮಾಸ್ತರರು ಕಿವಿ ಹಿಡಿದು ಎಬ್ಬಿಸಿ, "ಕಲ್ಲಿಗೆ ಕಾಲ ಅದಾವೇನಲೇ? ಯಾರೋ ಒಗೀತಾರ, ನಿಮ್ಮಪ್ಪ ಆರಸ್ತಾನ. ಅಪ್ಪಾ ಶಾಣ್ಯಾ, ಮಗಾ ಶಾಣ್ಯಾ," ಎಂದಿದ್ದರು. ಇಡೀ ವರ್ಗ ನಕ್ಕಿತ್ತು. ಅವತ್ತಿನಿಂದ 'ಕಲ್ಲ ಹಡ್ದಾಂವ' ಎಂಬ ಹೆಸರು ಅವನಿಗಂಟಿತು. ಅದು ಉದುರಲಿ ಎಂದು ಶಾಲೆ ಬಿಟ್ಟ, ಶಾಲೆ ಉದುರಿತು, ಹೆಸರು ಉದುರಲಿಲ್ಲ. ಶಾಲೆ ಅವನಿಗೆ ಕಲಿಸಿದ್ದು ಅದೊಂದೇ ಪಾಠ: ಕಲ್ಲು ಏಳುವುದಿಲ್ಲ, ಯಾರೋ ಒಗೆಯುತ್ತಾರೆ. ಎಷ್ಟು ಚೆನ್ನಾಗಿ ಕಲಿತನೆಂದರೆ, ಅಪ್ಪ ಸತ್ತ ಮೇಲೆ, ಎತ್ತಿನ ಗೊರಸು ಕಲ್ಲಿಗೆ ಬಡಿದು ಸೀಳಿದ ದಿನ, ಅವನ ಕಣ್ಣು ನೆಲದೊಳಗೆ ನೋಡಲೇ ಇಲ್ಲ. ಬಾಜೂ ಹೊಲದ ಕಡೆ ನೋಡಿತು. ಬಾಜೂ ಹೊಲ ಮಶಾಕಸಾಬನದು.

ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಇಳಿದವರು ಸಣ್ಣಗಿನ ಮನುಷ್ಯ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ತೊಟ್ಟಿಲ ಕೂಸಿಗೆ ಒಯ್ಯುವ ಕುಲಾಯಿಯೋ ಅಂಗಿಯೋ ಇದ್ದ ಚೀಲ. "ನೀನೇ ಏನು ಮಡಿವಾಳೆಪ್ಪ? ಪತ್ರಾ ನೋಡಿ ಯಾರೋ ವಯಸ್ಸಾದವ್ರು ಇರಬೇಕು ಅನ್ಕೊಂಡಿದ್ದೆ," ಎಂದರು. ಅದು ಹೊಗಳಿಕೆಯೋ ಬೈಗಳವೋ ಎಂದು ಯೋಚಿಸುತ್ತ ಅವನು ಚೀಲಕ್ಕೆ ಕೈ ಚಾಚಿದ. "ಬ್ಯಾಡ, ಮಣ್ಣ ಹತ್ತತದ, ಮೊಮ್ಮಗಂದು," ಎಂದು ಅವರು ಚೀಲವನ್ನು ಎದೆಗೆ ಹಿಡಿದುಕೊಂಡರು. ಕಟ್ಟೆಯ ಮೇಲಿಂದ ಕೆಮ್ಮು ಕೇಳಿಸಿತು, ನಗೆಯ ಕೆಮ್ಮು. ಮಡಿವಾಳೆಪ್ಪ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಡೆದ.

ಮನೆಯಲ್ಲಿ ಅವ್ವ ಅನ್ನವ್ವ ಅವಲಕ್ಕಿ ಒಗ್ಗರಣೆ ಹಾಕಿದ್ದಳು. ಊರ ಪಂಚ ಈರಬಸಪ್ಪ, ಯಾರೂ ಕರೆಯದಿದ್ದರೂ, ಧಾರವಾಡದವರು ಬರುತ್ತಾರೆಂದು ಕೇಳಿ ರುಮಾಲು ಸುತ್ತಿಕೊಂಡು ಬಂದು ಜಮಖಾನೆಯ ನಡುವೆ ಕೂತಿದ್ದ. "ನಮ್ಮೂರ ಬಗ್ಗೆ ಬರದ್ರ ನಮ್ಮ ಚಾವಡಿ ಬಗ್ಗೇನೂ ಒಂದಿಷ್ಟ ಬರೀರಿ ಸರ್. ಇಲ್ಲಿಯ ತನಕಾ ನಮ್ಮೂರ ತಂಟೆ ಒಂದೂ ಕೋರ್ಟಿಗೆ ಹೋಗಿಲ್ಲ. ನಾವ ಬಗೀಹರಸ್ತೀವಿ," ಎಂದ. ಹಂಚಿನಮನಿಯವರು ಅವಲಕ್ಕಿಯ ಶೇಂಗಾಕಾಳನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ, "ಚಾವಡಿ 'ಚ'ದಾಗ ಬಂದು ಹೋತಲ್ರಿ," ಎಂದರು. ಅನ್ನವ್ವ ಬಾಗಿಲ ಸಂದಿಯಲ್ಲಿ ನಿಂತು ಮಗನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತು. ನಿನ್ನೆ ಸಂಜೆ ಸುಣ್ಣದ ಗಡಿಗೆ ಖಾಲಿಯಾದದ್ದೂ ಗೊತ್ತಿತ್ತು. ಕೇಳಿರಲಿಲ್ಲ. ಮೂರು ವರ್ಷದ ಹಿಂದೆಯೂ ಅವಳು ಕೇಳಿರಲಿಲ್ಲ. ಮಶಾಕಸಾಬನ ಹೆಂಡತಿ ಹಲೀಮಾಬಿ ಇದೇ ಬಾಗಿಲಿಗೆ ಬಂದು ಗಂಡನನ್ನು ಉಳಿಸಿರೆಂದು ಸೆರಗೊಡ್ಡಿದಾಗ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದ್ದಳು, ಜೋರಾಗಿ, ಬೇರೆ ಸಪ್ಪಳ ಕೇಳದ ಹಾಗೆ.

ಆ ದಿನ, ಮಡಿವಾಳೆಪ್ಪ ತನ್ನ ಹೊಲಕ್ಕೆ ಮಶಾಕಸಾಬನೇ ಕಲ್ಲು ಒಗೆಯುತ್ತಾನೆಂದು ದೂರು ಕೊಟ್ಟಾಗ, ಚಾವಡಿಯಲ್ಲಿ ಈರಬಸಪ್ಪ ಕೇಳಿದ್ದ, "ಒಪ್ಪಿಕೋತೀಯೋ ಇಲ್ಲೋ?" ಮಶಾಕಸಾಬ ದರ್ಗಾದ ಕಡೆ ಕೈ ಮಾಡಿ ಆಣೆ ಇಟ್ಟ. "ನಾ ಯಾಕ ಒಗೀಲಿ? ನನ್ನ ಹೊಲದಾಗೂ ಏಳತಾವಪಾ ಕಲ್ಲು. ಬಂದ ನೋಡ್ರಿ," ಎಂದ. ನೋಡಲು ಯಾರೂ ಹೋಗಲಿಲ್ಲ. ಕಲ್ಲು ಏಳುತ್ತವಂತೆ ಎಂದು ಜನ ನಕ್ಕರು. ಆ ನಗೆ ಮಡಿವಾಳೆಪ್ಪನಿಗೆ ಗುರುತಿನದು, ಮೊದಲ ಸಲ ಅದು ಬೇರೊಬ್ಬನ ಮೇಲೆ ಬಿದ್ದಿತ್ತು, ಎಷ್ಟು ಹಿತವಾಗಿತ್ತು! ಆ ಹಿತದಲ್ಲೇ ಎದ್ದು ನಿಂತ. ಕಳವು ಮಾಡಿದವನಿಗೆ ಕದ್ದ ಮಾಲನ್ನೇ ಹೊರಿಸಿ ಊರಾಡಿಸುವುದು ಅಲ್ಲಿಯ ವಾಡಿಕೆ. ಹಾಗೆ, ಗೊರಸು ಸೀಳಿದ ಕಲ್ಲನ್ನು ತಂದು, ಹುಟ್ಟಿದಾಗಿನಿಂದ ಕಾಕಾ ಎಂದು ಕರೆದವನ ತಲೆಯ ಮೇಲೆ ತನ್ನ ಕೈಯಿಂದಲೇ ಹೊರಿಸಿದ. ಹೊಲದಿಂದ ಊರ ಅಗಸಿಬಾಗಿಲ ತನಕ ನಡೆಸಿದ. ಹೆಜ್ಜೆಗೊಮ್ಮೆ "ನಾನ ಒಗದೇನಿ" ಅನ್ನಬೇಕು. ಅನ್ನದಿದ್ದರೆ ಹಿಂದಿನಿಂದ ಬಾರುಕೋಲು. ಮೊದಮೊದಲು ಮಶಾಕಸಾಬ ಅಳುತ್ತ ಅಂದ, ಆಮೇಲೆ ಬರೀ ಅಂದ, ಅಗಸಿ ಬರುವ ಹೊತ್ತಿಗೆ ಅದು ಮಾತಾಗಿ ಉಳಿದಿರಲಿಲ್ಲ, ಗಾಲಿಯ ಕಿರುಗುಟ್ಟುವಿಕೆಯ ಹಾಗೆ ಆಗಿತ್ತು. ಕಲ್ಲು ಇಳಿಸಿದ ಮೇಲೆ ಅವನ ಕುತ್ತಿಗೆ ತಿರುಗಲಿಲ್ಲ. ಇವತ್ತಿನ ತನಕ ತಿರುಗಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾನೆ, ಬಾಗಿಲು ತೆರೆದ ಹಾಗೆ.

ಮಾರನೆಯ ವರ್ಷ ಮಣ್ಣು ಪರೀಕ್ಷೆಯ ಸರಕಾರಿ ಮಂದಿ ಬಂದಾಗ ಮಡಿವಾಳೆಪ್ಪ ಕೂಲಿಗೆ ಅವರ ಸಲಿಕೆ ಹೊತ್ತಿದ್ದ. ಅವರ ಸಾಹೇಬ ಬದುವಿನ ಮೇಲೆ ಕೂತು ಶೇಂಗಾ ಸುಲಿಯುತ್ತ, ಸಿಪ್ಪೆ ಉಗುಳಿದಷ್ಟೇ ಸಲೀಸಾಗಿ ಹೇಳಿದ: ಈ ಎರಿ ಮಣ್ಣು ಬೇಸಿಗೆಯಲ್ಲಿ ಸೀಳುತ್ತದೆ, ಸೀಳಿನೊಳಗೆ ಮೇಲಿನ ಪುಡಿಮಣ್ಣು ಬೀಳುತ್ತದೆ, ಮಳೆ ಬಿದ್ದಾಗ ಒಳಗಿನಿಂದ ಉಬ್ಬುತ್ತದೆ, ಉಬ್ಬುವಾಗ ಬುಡದಲ್ಲಿರುವ ಕಲ್ಲನ್ನು ಮೇಲಕ್ಕೆ ದಬ್ಬುತ್ತದೆ, ನಿಮ್ಮ ಈ ಎರಡೂ ಹೊಲದ ಕೆಳಗೆ ಹಿಂದೊಂದು ಕಾಲಕ್ಕೆ ಹಳ್ಳ ಹರಿದಿರಬೇಕು, ಅದರ ಕಲ್ಲು ಇವು. ಮಡಿವಾಳೆಪ್ಪ ತಲೆಯೆತ್ತಿ ನೋಡಿದ. ಬದುವಿನಾಚೆ ಮಶಾಕಸಾಬ ಜೋಳದ ಕಣಿಕೆಯ ಸಿವುಡು ಕಟ್ಟುತ್ತಿದ್ದ, ಬೆನ್ನು ಬಗ್ಗಿಸದೆ, ಮೊಣಕಾಲೂರಿ, ಹಲಗೆಯ ಹಾಗೆ ನೆಟ್ಟಗಿದ್ದ ಕುತ್ತಿಗೆಯಲ್ಲಿ. ಬದು ದಾಟಿದ್ದರೆ ಮುಗಿಯುತ್ತಿತ್ತು. ಕಾಕಾ, ತಪ್ಪಾತು. ಎರಡು ಶಬ್ದ. ಆ ಎರಡು ಶಬ್ದದ ಬದಲು ಅವನು ಧಾರವಾಡಕ್ಕೆ ಪುಟಗಟ್ಟಲೆ ಬರೆದ. ಅಚ್ಚಾಗಿ ಬರಲಿ. ಬಂದರೆ ಊರು ಓದುತ್ತದೆ, ಮಶಾಕಸಾಬನೂ ಕೇಳುತ್ತಾನೆ, ಕಲ್ಲು ತಾನಾಗಿಯೇ ಏಳುತ್ತದೆಂದು ಪುಸ್ತಕವೇ ಹೇಳುತ್ತದೆ. ಪುಸ್ತಕ ಹೇಳಿದ ಮೇಲೆ ಯಾರೂ ಯಾರ ಮುಂದೆಯೂ ಬಾಯಿ ತೆರೆಯುವ ಕಾರಣವಿಲ್ಲ. ತಪ್ಪು ಯಾರದೂ ಅಲ್ಲ, ಮಣ್ಣಿನದು. ಅಷ್ಟು ಕೆಲಸ ಒಂದು ಸಾಲಿನಿಂದ ಆಗುತ್ತದೆಯೇ?

ಹೊಲ ಬಾಯಿ ಬಿಟ್ಟು ಬಿದ್ದಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಹಂಚಿನಮನಿಯವರು ಬಿರುಕುಗಳನ್ನು ಹಾರಿ ಹಾರಿ ದಾಟುತ್ತ, "ಏನಪಾ ಇದು, ನೆಲಾನೋ ಜರಡಿನೋ," ಎಂದರು. ಬರೆದುಕೊಳ್ಳಲೆಂದು ಜೇಬಿನಿಂದ ಪೆನ್ನು ತೆಗೆಯುವಷ್ಟರಲ್ಲಿ ಅದು ಬೆವರಿದ ಬೆರಳಿನಿಂದ ಜಾರಿ ನೇರ ಒಂದು ಬಿರುಕಿನೊಳಗೆ ಹೋಯಿತು. ತಳಕ್ಕೆ ಬಿದ್ದ ಸಪ್ಪಳವೂ ಬರಲಿಲ್ಲ. ಮಡಿವಾಳೆಪ್ಪ ಕವುಚಿ ಬಿದ್ದು ಭುಜದ ತನಕ ಕೈ ಹಾಕಿದ. ಒಳಗೆ ತಂಪಿತ್ತು. ಸಣ್ಣವನಿದ್ದಾಗ ಅವ್ವನ ಕಾಲುಂಗುರ ಬಿದ್ದಾಗಲೂ ಹೀಗೇ ಕೈ ಹಾಕಿದ್ದ, ಒಳಗಿನಿಂದ ಯಾರೋ ಹಿಡಿದುಕೊಂಡಾರು ಎಂದು ಕಿರುಚಿದ್ದ. ಈಗ ಇಸ್ತ್ರಿ ಅಂಗಿಯ ಎದೆಯೆಲ್ಲ ಕರಿಯಾಯಿತು. "ಬಿಡು, ಹೋತು. ಮಗಳ ಗಂಡ ಕೊಟ್ಟಿದ್ದ," ಎಂದರು ಹಂಚಿನಮನಿ. ಆಮೇಲೆ ಈರಬಸಪ್ಪನ ಕಡೆ ತಿರುಗಿ, "ಇವನ ಲೆಕ್ಕದಾಗ ಮುಂದಿನ ವರ್ಷ ಅದೂ ಮ್ಯಾಲ ಏಳಬೇಕಲ್ರಿ?" ಎಂದರು. ಈರಬಸಪ್ಪ ಹೊಟ್ಟೆ ಹಿಡಿದು ನಕ್ಕ. "ಎದ್ರ ಪೆನ್ನಿನ ಮರೀನೂ ಹಾಕಿರತೈತ್ರಿ."

ಮಡಿವಾಳೆಪ್ಪ ಎದ್ದು, ಬದುವಿನ ಮಗ್ಗುಲಲ್ಲಿ ನೆಟ್ಟ ಗೂಟದ ಹತ್ತಿರ ಕರೆದೊಯ್ದ. ಗೂಟದ ಬುಡದಲ್ಲಿ ಸುಣ್ಣ ಬಳಿದ ಕಲ್ಲಿನ ನೆತ್ತಿ ನೆಲಕ್ಕಿಂತ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು. "ಹೋದ ಬ್ಯಾಸಗ್ಯಾಗ ತೋಳುದ್ದ ಆಳಕ್ಕ ಇಟ್ಟಿದ್ದೆ ಸರ್. ಈಗ ನೋಡ್ರಿ," ಎಂದ. ಕೇಳಿಸಿಕೊಂಡಾಗ ತನ್ನದೇ ದನಿ ಸಂತೆಯಲ್ಲಿ ಔಷಧ ಮಾರುವವನ ದನಿಯಂತಿತ್ತು. ಹಂಚಿನಮನಿಯವರು ಬಗ್ಗಿ, ಕನ್ನಡಕ ಸರಿಸಿ, ಬಹಳ ಹೊತ್ತು ನೋಡಿದರು. ಬೆತ್ತದಿಂದ ಅತ್ತ ಕುಟ್ಟಿದರು, ಒಣ ಮಣ್ಣಿನ ಹೆಂಟೆ ಠಣ್ಣೆಂದಿತು. ಕಲ್ಲಿನ ಮಗ್ಗುಲಲ್ಲಿ ಕುಟ್ಟಿದರು. ಬೆತ್ತ ಗೇಣುದ್ದ ಒಳಗೆ ಇಳಿಯಿತು. ಎತ್ತಿದರು, ಮತ್ತೆ ಊರಿದರು, ಮತ್ತೆ ಇಳಿಯಿತು. ಆಮೇಲೆ ಬೆರಳಿಂದ ಕಲ್ಲನ್ನು ಸವರಿ ಆ ಬೆರಳನ್ನು ಬಿಸಿಲಿಗೆ ಹಿಡಿದರು. "ಸುತ್ತಲೂ ಇಟ್ಟಂಗಿ ಇದ್ದಂಗ ಅದ. ಇಲ್ಲಷ್ಟ ಬೆಣ್ಣಿ ಅದಲ್ಲಪಾ, ಮಡಿವಾಳೆಪ್ಪ. ಸುಣ್ಣಾ ಇನ್ನೂ ಹಸಿ ಅದ." ಬಾಯಲ್ಲಿದ್ದ ರುಚಿ ಗಂಟಲಿಗೆ ಇಳಿಯಿತು. ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕೂಸಿಗೆ ಕೇಳುವ ಹಾಗೆ ಕೇಳಿದರು: "ಖರೇ ಹೇಳು. ಎಷ್ಟ ಎದ್ದಿತ್ತು?"

"ಮೂರ ಬೆರಳು," ಎಂದ. ನಿನ್ನೆ ಸಂಜೆ ಅಗೆದು ನೋಡಿದಾಗ ಸುಣ್ಣ ಅಳಿಸಿಹೋದ ಕಲ್ಲು, ಗೂಟಕ್ಕೆ ಹಾಕಿದ ಗುರುತಿಗಿಂತ ಮೂರೇ ಬೆರಳು ಮೇಲಿತ್ತು. ಇಷ್ಟಕ್ಕಾಗಿಯೇ? ಇದೇ ಏನು ಭೂಮಿತಾಯಿಯ ಹಡೆಯುವಿಕೆ? ಧಾರವಾಡದಿಂದ ಬರುವವರಿಗೆ ಮೂರು ಬೆರಳು ತೋರಿಸುವುದೇ? ಮುಕ್ಕಾಲು ಸಂಪುಟದಷ್ಟು ಸಿಟ್ಟು ಒಂದೇ ಸಲ ಮೈಗೇರಿ ಕಲ್ಲನ್ನು ಎರಡೂ ಕೈಯಿಂದ ಕಿತ್ತು ಮೇಲೆ ತಂದು, ಸುಣ್ಣ ಬಳಿದು, ಮಣ್ಣು ತುಳಿದಿದ್ದ, ಕತ್ತಲಾಗುವುದರೊಳಗೆ.

"ಅಲ್ಲೋ ಹುಚ್ಚಾ," ಎಂದರು ಹಂಚಿನಮನಿ, ಈಗ ನಿಜವಾಗಿಯೂ ನೊಂದು. "ಒಂದ ವರ್ಷಕ್ಕ ಮೂರ ಬೆರಳಂದ್ರ ಬಾಳ ದೊಡ್ಡದೋ! ಅದನ್ನ ಇದ್ದಂಗ ಬಿಟ್ಟಿದ್ರ ನಾ ಇವತ್ತ ರಾತ್ರಿನ ಲೇಖನಾ ಬರೀತಿದ್ದೆ. ಅಗದಿ ಬ್ಯಾರೆ ಲೇಖನಾ. ಊರ ಹೆಸರು, ನಿನ್ನ ಹೆಸರೂ ಹಾಕಿ. ಈಗ ನಾ ಏನಂತ ಬರೀಲಿ? ನಾನ ನೋಡೇನಿ ಅಂತ ಬರೀಲಿಕ್ಕಾಗೂದಿಲ್ಲ, ನೀ ಹೇಳಿದಿ ಅಂತ ಬರೀಲಿಕ್ಕೂ ಆಗೂದಿಲ್ಲ." ಬೆತ್ತದ ಮೇಲೆ ಭಾರ ಬಿಟ್ಟು ಗಡಿಯಾರ ನೋಡಿಕೊಂಡರು. ಬಸ್ಸಿಗೆ ಇನ್ನೂ ಹೊತ್ತಿತ್ತು. "ಇನ್ನೊಬ್ಬರು ಯಾರರ ಕಂಡವ್ರು ಅದಾರೇನು? ನಿನ್ನ ಮನೀಯವ್ರಲ್ಲ, ನಿನ್ನ ದೋಸ್ತರಲ್ಲ. ನಿನ್ನ ಸಲುವಾಗಿ ಸುಳ್ಳ ಹೇಳೂ ಕಾರಣ ಇಲ್ಲದವರು. ಅಂಥವ್ರು ಒಬ್ಬರು ಹೌದು ಅಂದ್ರ ಸಾಕು, ಮುಂದಿನ ವರ್ಷ ಬಂದು ಸರಿಯಾಗಿ ಅಳೀತೇನಿ, ತಲೆಬರಹ ಕಾಯ್ದ ಇಡತೇನಿ." ಸುತ್ತ ನೋಡಿದರು. ಬದುವಿನಾಚೆ ಒಬ್ಬ ಮನುಷ್ಯ ಏನನ್ನೋ ಎದೆಗವುಚಿಕೊಂಡು ನಿಧಾನ ನಡೆಯುತ್ತಿದ್ದ. "ಆಂವ ಯಾರು? ಬಾಜೂ ಹೊಲದಾಂವಲ್ಲೇನು? ಆಂವಗ ಗೊತ್ತಿರಬೇಕಲ್ಲ."

ಮಡಿವಾಳೆಪ್ಪ ಬೇಡ ಅನ್ನುವುದರೊಳಗೆ ಈರಬಸಪ್ಪ ರುಮಾಲು ಬೀಸಿ ಕೂಗಿದ್ದ, "ಏ ಮಶಾಕಾ, ಇಲ್ಲೆ ಬಾರೋ. ಧಾರವಾಡದ ಸಾಹೇಬ್ರು ಕರೀತಾರ." ಮಶಾಕಸಾಬ ಇಡೀ ಮೈ ತಿರುಗಿಸಿ ನೋಡಿದ. ಎದೆಗವುಚಿದ್ದನ್ನು ಬದುವಿನ ಮೇಲೆ ಇಳಿಸಿದ. ಅದು ಕಲ್ಲು. ಅವನ ಹೊಲದ ಕಲ್ಲು, ಈ ಬೇಸಿಗೆಯ ಕಲ್ಲು, ಮೈಗೆ ಇನ್ನೂ ಕರಿ ಮಣ್ಣು ಮೆತ್ತಿದ್ದು. ತಲೆಯ ಮೇಲೆ ಹೊರಲಾಗದ್ದಕ್ಕೆ ಹೀಗೆ ಒಂದೊಂದಾಗಿ ಎದೆಗವುಚಿ ಬದುವಿಗೆ ಸಾಗಿಸುತ್ತಿದ್ದ. ಸಾಕ್ಷಿ ಅಲ್ಲೇ ಬಿದ್ದಿತ್ತು, ಕೈಯಳತೆಯಲ್ಲಿ. ಹಂಚಿನಮನಿಯವರು ಅದರ ಮೇಲೆ ಬೆತ್ತ ಊರಿ ನಿಂತರು, ನೋಡಲಿಲ್ಲ. "ಸಲಾಮ್ರಿ," ಎಂದ ಮಶಾಕಸಾಬ, ಕತ್ತು ಬಗ್ಗದ್ದಕ್ಕೆ ಸೊಂಟದಿಂದಲೇ ಬಗ್ಗಿ.

"ನೋಡ್ರಿ," ಎಂದರು ಹಂಚಿನಮನಿ, ಗೌರವದಿಂದ, "ಈ ಹುಡುಗ ಹೇಳ್ತಾನ, ಈ ಹೊಲದಾಗ ಕಲ್ಲು ತಾವ ಮ್ಯಾಲ ಏಳತಾವಂತ. ನೀವು ಬಾಜೂದವ್ರು. ಇಷ್ಟ ವರ್ಷ ನೋಡೀರಿ. ನೀವೇನಂತೀರಿ?"

ಮಶಾಕಸಾಬ ಮೈಯನ್ನು ಸಾವಕಾಶ ಮಡಿವಾಳೆಪ್ಪನ ಕಡೆ ತಿರುಗಿಸಿದ. ಎಷ್ಟು ವರ್ಷವಾಯಿತು ಈ ಮುಖವನ್ನು ಎದುರಿನಿಂದ ನೋಡಿ. ಗಡ್ಡ ಬಿಳಿಯಾಗಿತ್ತು, ಕಣ್ಣು ಸಣ್ಣಗಾಗಿದ್ದವು. ಆ ಕಣ್ಣಿನಲ್ಲಿ ಸಿಟ್ಟು ಹುಡುಕಿದ, ಸಿಗಲಿಲ್ಲ; ಇಂಥ ದಿನ ಬಂದೇ ಬರುತ್ತದೆಂದು ಎಲ್ಲ ಕೆಲಸ ಮುಗಿಸಿ ಕೂತವನ ನಿರಾಳ ಇತ್ತು. ಹೌದು ಅನ್ನು ಕಾಕಾ, ಎಂದು ಒಳಗೆ ಯಾರೋ ಬೇಡುತ್ತಿದ್ದ, ಅವತ್ತು ಹೇಳಿದ್ದನ್ನೇ ಹೇಳು, ನನ್ನ ಹೊಲದಾಗೂ ಏಳತಾವಪಾ ಅನ್ನು, ಒಂದು ಸಲ ಅನ್ನು.

"ಕಲ್ಲ ಎಲ್ಲೆರ ಏಳತಾವೇನ್ರಿ ಸಾಹೇಬ್ರ," ಎಂದ ಮಶಾಕಸಾಬ. "ಕಲ್ಲಿಗೆ ಕಾಲ ಅದಾವೇನ್ರಿ? ನಾನ ಒಗದೇನ್ರಿ."

"ನೀವಾ?"

"ಹೌದ್ರಿ. ನಾನ. ಊರ ಮುಂದ ಒಪ್ಪಿಕೊಂಡೇನ್ರಿ. ಹೆಜ್ಜಿ ಹೆಜ್ಜಿಗೆ ಹೇಳೇನ್ರಿ. ಬೇಕಾದ್ರ ಈರಬಸಪ್ಪಗೌಡ್ರನ್ನ ಕೇಳ್ರಿ, ಅವರ ನ್ಯಾಯಾ ಹೇಳಿದ್ದು."

"ಹೌದ್ರೀ ಸರ್," ಎಂದ ಈರಬಸಪ್ಪ, ಚಾವಡಿಯ ಮಾತು ಬಂದದ್ದಕ್ಕೆ ಎದೆಯುಬ್ಬಿಸಿ. "ಇಡೀ ಊರ ಸಾಕ್ಷಿ ಐತ್ರಿ. ನಾ ಆಗಳೇ ಹೇಳಲಿಲ್ಲೇನ್ರಿ, ನಾವ ಬಗೀಹರಸ್ತೀವಿ ಅಂತ. ಈ ಹುಡುಗನ ಫಿರ್ಯಾದಿ ಕೊಟ್ಟಿದ್ದ."

"ಸುಳ್ಳ!" ಎಂದು ಮಡಿವಾಳೆಪ್ಪ ಕಿರುಚಿದ. ತಾನು ಕಿರುಚಿದ್ದು ಅವನಿಗೆ ಆಮೇಲೆ ಗೊತ್ತಾಯಿತು. "ಸುಳ್ಳ ಹೇಳಾಕತ್ತಾನ್ರಿ! ಆಂವ ಒಗದಿಲ್ರಿ! ಒಂದ ಕಲ್ಲೂ ಒಗದಿಲ್ರಿ!"

ಹಂಚಿನಮನಿಯವರು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. "ಹಂಗಾರ ಅವತ್ತ ಊರ ಮುಂದ ಒಗದೇನಿ ಅಂತ ಯಾಕ ಅಂದಾರ ಇವರು? ಯಾವನರ ಮಾಡದ್ದನ್ನ ಮಾಡೇನಿ ಅಂತಾನೇನು?"

ಬಿಸಿಲಿಗೆ ಎಲ್ಲೋ ಒಂದು ಹೆಂಟೆ ಸೀಳಿತು. ಮಶಾಕಸಾಬ ಕಾಯುತ್ತಿದ್ದ. ತಿರುಗದ ಆ ಕುತ್ತಿಗೆಯನ್ನು ಒಂದಿಷ್ಟು ಮುಂದೆ ಚಾಚಿ, ಕಿವಿ ಮಂದವಾದವರು ಕೇಳುವ ಹಾಗೆ, ಬಹಳ ಮರ್ಯಾದೆಯಿಂದ ಕಾಯುತ್ತಿದ್ದ. "ಹೇಳಪಾ ಮಡಿವಾಳಿ," ಎಂದ. "ಸಾಹೇಬ್ರು ಕೇಳಾಕತ್ತಾರ. ಯಾಕ ಅಂದೆ ನಾನು?"

ನಾಲಿಗೆಯ ಮೇಲೆ ಎಲ್ಲ ಇತ್ತು. ನಾನ ಹೊರಸೇನಿ. ನಾನ ಹೊಡದೇನಿ. ಅಷ್ಟು ಹೇಳಿದರೆ ಕಲ್ಲು ಏಳುತ್ತದೆ, ತಲೆಬರಹ ಏಳುತ್ತದೆ, ಅಪ್ಪ ಏಳುತ್ತಾನೆ. ಈರಬಸಪ್ಪ ಅವನನ್ನೇ ನೋಡುತ್ತಿದ್ದ, ಈಗ ನಗದೆ. ಚಹಾದಂಗಡಿಯ ಕಟ್ಟೆ ಕಣ್ಣ ಮುಂದೆ ಬಂತು. ಅಲ್ಲಿ ಕೂತವರು ಒಬ್ಬೊಬ್ಬರಾಗಿ ತನ್ನ ತಲೆಯ ಕಡೆ, ಕುತ್ತಿಗೆಯ ಕಡೆ, ಅದು ಎಷ್ಟು ಭಾರ ತಡೆದೀತೆಂದು ಅಳೆಯುವ ಹಾಗೆ ನೋಡುತ್ತಿದ್ದರು. ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು.

"ನನಗ ಗೊತ್ತಿಲ್ರಿ," ಎಂದ.

"ಹಾಂ," ಎಂದರು ಹಂಚಿನಮನಿ. ಮೊಮ್ಮಗನ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು. ಅವನ ಮಣ್ಣಾದ ಅಂಗಿ ನೋಡಿ ಕನಿಕರ ಬಂದಿರಬೇಕು, ನಾಲ್ಕು ಹೆಜ್ಜೆ ಹೋದವರು ತಿರುಗಿದರು. "ಬ್ಯಾಸರಾ ಮಾಡ್ಕೋಬ್ಯಾಡಪಾ. 'ಮೂಢನಂಬಿಕೆ' ಅಂತ ಒಂದ ಲೇಖನಾ ಅದ, ಅದೂ ಇದ ಸಂಪುಟದಾಗ. ಕುಂದಗೋಳ ಕಡೆ ಕೆಲವರು ಕಲ್ಲು ಬೆಳೀತಾವಂತ ನಂಬತಾರ ಅಂತ ಅದರಾಗ ಒಂದ ಸಾಲ ಹಾಕತೇನಿ. ಊರ ಹೆಸರೂ ಹಾಕತೇನಿ." ಈರಬಸಪ್ಪ ಅವರ ತೋಳು ಹಿಡಿದು ಬಿರುಕು ದಾಟಿಸಿದ. "ನೋಡಿ ಬರ್ರಿ ಸರ್, ಇಲ್ಲಿ ಬಾಯಿ ಬಿಟ್ಟೈತಿ," ಎನ್ನುವುದು ಕೇಳಿಸಿತು, ಆಮೇಲೆ ಇಬ್ಬರ ನಗೆ, ಆಮೇಲೆ ಏನೂ ಇಲ್ಲ.

ಮಶಾಕಸಾಬ ಬದುವಿನ ಮೇಲಿನ ಕಲ್ಲನ್ನು ರಾಶಿಗೆ ಸೇರಿಸಿ, ಕೈ ಝಾಡಿಸಿ, ಇನ್ನೊಂದನ್ನು ತರಲು ತನ್ನ ಹೊಲದೊಳಗೆ ನಡೆಯತೊಡಗಿದ್ದ. ಒಂದು ಮಾತು ಬೈಯಬಾರದೇ? ಉಗುಳಬಾರದೇ? ಅವನ ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ, ಸಾವಕಾಶ, ಹೊಲದ ಒಡೆಯ ನಡೆಯುವ ಹಾಗೆ ಹೋಗುತ್ತಿತ್ತು. ಮಡಿವಾಳೆಪ್ಪ ಗೂಟದ ಬುಡಕ್ಕೆ ಕೂತು ಸುಣ್ಣದ ಕಲ್ಲನ್ನು ಎರಡೂ ಕೈಯಿಂದ ಹಿಡಿದ. ಬೆಣ್ಣೆಯಂಥ ಮಣ್ಣಿನಿಂದ ಅದು ತಟ್ಟನೆ ಎದ್ದು ಬಂತು. ಬೆಚ್ಚಗಿತ್ತು. ಹೊಟ್ಟೆಗೆ ಆನಿಸಿ, ಎದೆಗೆ ಆನಿಸಿ, ತಲೆಯ ಮೇಲಕ್ಕೆ ಎತ್ತಿ, ಒಂದು ಗಳಿಗೆ ಅದರ ಪೂರ್ತಿ ಭಾರ ಕುತ್ತಿಗೆಗೆ ಇಳಿದದ್ದು ತಿಳಿದು, ಹೆದರಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಬದುವಿನಾಚೆ ಬೀಸಿ ಒಗೆದ.

ಕಲ್ಲು ಮಶಾಕಸಾಬನ ಹೊಲದಲ್ಲಿ, ಅವನ ಹಿಂದೆ, ಹೆಂಟೆಗಳ ಮೇಲೆ ಬಿದ್ದು ಎರಡು ಸಲ ಉರುಳಿ ನಿಂತಿತು. ಮಶಾಕಸಾಬ ನಿಂತ. ಮೊದಲು ಹೆಗಲು, ಆಮೇಲೆ ಸೊಂಟ, ಆಮೇಲೆ ಕಾಲು, ಇಡೀ ಮೈಯನ್ನು ತಿರುಗಿಸಿದ. ಬೆಳ್ಳನೆಯ ಕಲ್ಲನ್ನು ನೋಡಿದ. ಅದನ್ನು ಒಗೆದವನನ್ನು ನೋಡಿದ.

"ಅಂತೂ ಸಿಕ್ಕ ನೋಡು," ಎಂದ, "ಒಗಿಯಾಂವ."

ಮಡಿವಾಳೆಪ್ಪ ಇನ್ನೊಂದು ಕಲ್ಲಿಗೆ ಬಗ್ಗಿದ.